ಒಂದೂವರೆ ವೋಲ್ಟ್

ನನ್ನ ಅಂಗಡಿಗೆ ಸುಟ್ಟ ಮೋಟಾರು ಹೊತ್ತು ತರುವ ರೈತರೆಲ್ಲ ಒಂದೇ ಮಾತು ಹೇಳುತ್ತಾರೆ: "ನಾನೇನೂ ಮಾಡ್ನಿಲ್ಲ ಕಣಣ್ಣ, ತಾನಾಗೆ ನಿಂತೋಯ್ತು."

ಮದ್ದೂರಿನಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ನನ್ನದು. ಅಪ್ಪನಿಂದ ಬಂದದ್ದು. ಮೋಟಾರಿನ ಮುಚ್ಚಳ ಬಿಚ್ಚಿ ಮೂಗಿನ ಹತ್ತಿರ ಹಿಡಿದರೆ ಸಾಕು, ಸುಟ್ಟ ವಾರ್ನಿಷಿನ ವಾಸನೆಯಲ್ಲೇ ಅರ್ಧ ಕತೆ ಗೊತ್ತಾಗುತ್ತದೆ. ಬಾವಿಯಲ್ಲಿ ನೀರಿಲ್ಲದಾಗ ಓಡಿಸಿದ್ದೋ, ಒಂದು ಫೇಸ್ ಹೋಗಿದ್ದರೂ ಸ್ಟಾರ್ಟರ್ ಒತ್ತಿ ಹಿಡಿದದ್ದೋ, ಎಲ್ಲವೂ ಅಲ್ಲೇ ಇರುತ್ತದೆ. ಅದಕ್ಕೇ ಆ ಮಾತಿಗೆ ನಾನೊಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದೆ. "ತಾನಾಗೆ ನಿಂತ್ಕೊಳಾಕೆ ಅದೇನು ಎತ್ತಾ?" ಎನ್ನುತ್ತಿದ್ದೆ. ಬೆಂಚಿನ ಮೇಲೆ ಕೂತವರು ನಗುತ್ತಿದ್ದರು, ಮೋಟಾರು ತಂದವನು ತಲೆ ಕೆರೆದುಕೊಳ್ಳುತ್ತಿದ್ದ. ದಿನಕ್ಕೆ ಎರಡು ಸಲ ಹೇಳಿದರೂ ಈ ಮಾತು ನನಗೆ ಹಳಸಿದೆ ಎನಿಸುತ್ತಿರಲಿಲ್ಲ.

ಅಂಗಡಿಯ ಹಿಂದಿನ ಗೋಡೆಗೆ ಅಂಟಿಕೊಂಡೇ ನಮ್ಮ ಮನೆ. ಗೋಡೆಯ ಆ ಕಡೆಯ ಕೋಣೆಯಲ್ಲಿ ನನ್ನ ಹೆಂಡತಿ ಮದುವೆ ವಿಡಿಯೋ ಎಡಿಟ್ ಮಾಡುತ್ತಾಳೆ. ಮಂಡ್ಯದ ಎರಡು ಮೂರು ಸ್ಟುಡಿಯೋಗಳವರು ಕ್ಯಾಮೆರಾ ಹಿಡಿದು ತಂದದ್ದನ್ನು ಕತ್ತರಿಸಿ, ಬಣ್ಣ ತಿದ್ದಿ, ಹಾಡು ಕೂರಿಸಿ ಚಿತ್ರ ಮಾಡಿಕೊಡುವುದು ಅವಳ ಕೆಲಸ. ಯಾರೂ ಹೇಳಿಕೊಟ್ಟದ್ದಲ್ಲ. ಫೋನಿನಲ್ಲಿ ನೋಡಿ ಕಲಿತಳು. ಅವಳ ಕಂಪ್ಯೂಟರೂ ಹಾಗೆಯೇ, ಒಂದೊಂದೇ ಭಾಗ ತಂದು ತಾನೇ ಕೂತು ಜೋಡಿಸಿದ್ದು. ತವರಿನಿಂದ ಬಂದ ಬೀರುವನ್ನೂ ಅವಳು ಅಷ್ಟು ಜತನ ಮಾಡಿದವಳಲ್ಲ. ಕಂಪ್ಯೂಟರಿನ ಮೇಲೆ ಯಾರಾದರೂ ಕಾಫಿ ಲೋಟ ಇಟ್ಟರೆ ಮಾತಾಡದೆ ಲೋಟವನ್ನು ಎತ್ತಿ ಅಡುಗೆಮನೆಯಲ್ಲಿ ಇಟ್ಟು ಬರುತ್ತಿದ್ದಳು. ಆ ಮಾತಾಡದಿರುವುದಕ್ಕೇ ನನಗೆ ಭಯ.

ಸಾಮಾನು ಮುಟ್ಟುವ ವಿಷಯ ಬಂದರೆ ನಾನೂ ಕಮ್ಮಿಯವನಲ್ಲ. ಅಪ್ಪನ ಕಾಲದ, ಕೈಯಲ್ಲಿ ತಿರುಗಿಸುವ ಸುತ್ತುಯಂತ್ರ ಇಂದಿಗೂ ನನ್ನ ಮೇಜಿನ ಮೇಲಿದೆ. ಅದರ ಲೆಕ್ಕದ ಮುಳ್ಳು ಮುರಿದು ಎಷ್ಟೋ ವರ್ಷವಾಯಿತು. ಒಂದು ಕಾಯಿಲಿಗೆ, ಅಂದರೆ ತಂತಿಯ ಸುರುಳಿಗೆ, ಇಂತಿಷ್ಟೇ ಸುತ್ತು ಎಂದಿರುತ್ತದೆ. ಅದನ್ನು ಬಾಯಲ್ಲೇ ಎಣಿಸಬೇಕು. ಸುಮಾರು ಹತ್ತು ವರ್ಷದ ಹಿಂದೆ ಒಂದು ದಿನ ಎಣಿಕೆ ನಿಲ್ಲಿಸಿ, ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದು, ಗಿರಾಕಿಯ ಜೊತೆ ಹೊರಗೆ ಹೋಗಿದ್ದೆ. ಬರುವಷ್ಟರಲ್ಲಿ ಹೆಂಡತಿ ಯಂತ್ರದ ಹಿಡಿಯನ್ನು ತಿರುಗಿಸಿ ನೋಡುತ್ತಿದ್ದಳು. ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದಾರೆ ಎಂಬುದನ್ನೂ ನೋಡದೆ ನಾನು ಕೂಗಾಡಿದೆ. ಎಣಿಕೆ ಹಾಳಾಯಿತು ಎಂದು ಅವಳ ಎದುರಿಗೇ ಅಷ್ಟೂ ತಂತಿ ಬಿಚ್ಚಿ ನೆಲಕ್ಕೆ ಹಾಕಿದೆ. ಅವಳು ಒಳಗೆ ಹೋದಳು. ಆಮೇಲೆ ಊಟಕ್ಕೆ ಕರೆಯುವುದಿದ್ದರೂ ಬಾಗಿಲಲ್ಲೇ ನಿಂತು ಕರೆಯುತ್ತಿದ್ದಳೇ ಹೊರತು ಅಂಗಡಿಯೊಳಗೆ ಕಾಲಿಡಲಿಲ್ಲ. ನಾನು ಅದನ್ನು ಗಮನಿಸಿದ್ದೆ. ಗಮನಿಸಿಯೂ ಸುಮ್ಮನಿದ್ದೆ.

ಈಗ ಹೇಳಬೇಕಾದದ್ದು ಹೋದ ವರ್ಷದ ಮಾತು. ಯಲಿಯೂರಿನ ಒಬ್ಬರ ಮಗನ ಮದುವೆ ಮಂಡ್ಯದ ಛತ್ರದಲ್ಲಿ ಸೋಮವಾರ ಮುಗಿದಿತ್ತು. ಗುರುವಾರ ಮಧ್ಯಾಹ್ನ ಊರಿನಲ್ಲಿ ಬೀಗರ ಊಟ. ನಮ್ಮ ಕಡೆ ಮದುವೆ ಊಟಕ್ಕಿಂತ ಬೀಗರ ಊಟದ ಮರ್ಯಾದೆಯೇ ದೊಡ್ಡದು. ಮಾಂಸದ ಅಡುಗೆ, ಎರಡೂ ಕಡೆಯ ನೆಂಟರು, ಊರಿಗೆ ಊರೇ. ಆ ಮನೆಯವರಿಗೆ ಒಂದು ಆಸೆ ಹುಟ್ಟಿತು. ಶಾಮಿಯಾನದಲ್ಲಿ ದೊಡ್ಡ ಪರದೆ ಕಟ್ಟಿಸಿ, ಬೀಗರು ಊಟಕ್ಕೆ ಕೂತಾಗ ಮದುವೆಯ ಚಿತ್ರ ತೋರಿಸಬೇಕು ಎಂದು. ಮೂರೇ ದಿನದಲ್ಲಿ ಎರಡು ಗಂಟೆಯ ಚಿತ್ರ. ಸ್ಟುಡಿಯೋದವರು ಆಗುವುದಿಲ್ಲ ಎಂದಿದ್ದರಂತೆ. ನನ್ನ ಹೆಂಡತಿ ಆಗುತ್ತದೆ ಎಂದಳು. ಒಪ್ಪಿಕೊಂಡ ಮೇಲೆ ನಿದ್ದೆಗೆಟ್ಟಳು. ಗಂಡಿನ ತಂದೆ ದಿನಕ್ಕೆ ಮೂರು ಸಲ ಫೋನು ಮಾಡಿ ಆಯ್ತೇನಮ್ಮ ಎಂದು ಕೇಳುತ್ತಿದ್ದರು.

ಅವಳ ಕಷ್ಟವೇನೆಂದರೆ ಕಂಪ್ಯೂಟರಿನ ನಿಧಾನ. ಎಡಿಟ್ ಮುಗಿದ ಮೇಲೆ ಎಲ್ಲವನ್ನೂ ಒಂದೇ ಚಿತ್ರವಾಗಿ ಹೊರಗೆ ತೆಗೆಯಲು ಆರು ಗಂಟೆ ಹಿಡಿಯುತ್ತಿತ್ತು. ಇದಕ್ಕೆ ಅವಳು ಒಂದು ದಾರಿ ಕಂಡುಕೊಂಡಿದ್ದಳು. ಕಂಪ್ಯೂಟರಿನಲ್ಲಿ ಲೆಕ್ಕವೆಲ್ಲ ಮಾಡುವುದು ಪ್ರೊಸೆಸರ್ ಎಂಬ ಒಂದು ಬಿಲ್ಲೆ. ಕಂಪನಿಯವರು ಗೊತ್ತು ಮಾಡಿದ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಅದನ್ನು ಓಡಿಸಬಹುದಂತೆ. ಅದಕ್ಕೆ ಓವರ್‌ಕ್ಲಾಕ್ ಮಾಡುವುದು ಎನ್ನುತ್ತಾರೆ. ಅವಳದ್ದು ಹಾಗೆ ಓಡಿಸಬಹುದಾದ ಜಾತಿಯದೇ. ಅದನ್ನು ತಂಪಾಗಿಡಲು ದೊಡ್ಡದೊಂದು ಫ್ಯಾನು ಕೂಡ ತಂದು ಕೂರಿಸಿದ್ದಳು. ಆದರೆ ಮಾಡಿರಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿಟ್ಟಿದ್ದಳು: ವೇಗ ಒಂದೊಂದೇ ಮೆಟ್ಟಿಲು ಏರಿಸುವುದು. ವೋಲ್ಟ್ ಒಂದೂಕಾಲು, ಅದಕ್ಕಿಂತ ಜಾಸ್ತಿ ಬೇಡ. ಬಿಸಿ ಎಂಬತ್ತೈದು ದಾಟಬಾರದು. ಯಲಿಯೂರಿನ ಕೆಲಸ ಮುಗಿದ ಮೇಲೆ.

ಬುಧವಾರ ಬೆಳಗ್ಗೆ ಅವಳು ಮಳವಳ್ಳಿಗೆ ಹೊರಟಳು. ಧಾರೆಯ ಹೊತ್ತಿನಲ್ಲಿ ಹೆಣ್ಣಿನ ಕಡೆಯಿಂದ ಹಿಡಿದ ಎರಡನೇ ಕ್ಯಾಮೆರಾದ ಮೆಮೊರಿ ಕಾರ್ಡು ಅಲ್ಲಿ ಬೇರೆ ಮದುವೆಗೆ ಹೋಗಿದ್ದ ಕ್ಯಾಮೆರಾದವನ ಹತ್ತಿರ ಉಳಿದುಹೋಗಿತ್ತು. ಇಸಿದುಕೊಂಡು ಸಂಜೆ ನಾಲ್ಕಕ್ಕೆ ಬರುತ್ತೇನೆ ಎಂದಳು. ಕಂಪ್ಯೂಟರನ್ನು ಯಾರೂ ಮುಟ್ಟಬೇಡಿ ಎಂದು ಹೇಳಲಿಲ್ಲ. ಹೇಳುವ ಅಗತ್ಯವಿದೆ ಎಂದು ಅವಳಿಗೆ ಅನಿಸಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಅಂಗಡಿಯಲ್ಲಿ ಕೆಲಸವಿರಲಿಲ್ಲ. ನೀರು ಕುಡಿಯಲು ಒಳಗೆ ಹೋದವನು ಆ ನೋಟ್‌ಬುಕ್ ನೋಡಿದೆ. ನನಗೆ ಮೊದಲು ಬಂದದ್ದು ನಗು. ಒಂದೂಕಾಲು ವೋಲ್ಟ್! ಟಾರ್ಚಿಗೆ ಹಾಕುವ ಸೆಲ್ಲಿನಲ್ಲೇ ಒಂದೂವರೆ ಇರುತ್ತದೆ. ಇಷ್ಟು ದೊಡ್ಡ ಕೆಲಸ ಮಾಡುವ ಯಂತ್ರಕ್ಕೆ ಸೆಲ್ಲಿಗಿಂತ ಕಡಿಮೆ ಕೊಟ್ಟು ಅದು ನಿಧಾನ ಎಂದರೆ ಯಾರ ತಪ್ಪು? ನನ್ನ ಇಡೀ ಬಾಳಿನಲ್ಲಿ ಸುಟ್ಟ ಮೋಟಾರು ಸಾವಿರ ನೋಡಿದ್ದೇನೆ. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಪಂಪು ಹಾಕಿ ವೋಲ್ಟೇಜು ಇಳಿದಾಗ ಮೋಟಾರು ಗೊರಗೊರ ಎಂದು ಒದ್ದಾಡಿ ಸುಡುತ್ತದೆ. ಕಮ್ಮಿಯಾಗಿ ಸತ್ತದ್ದನ್ನು ಕಂಡಿದ್ದೇನೆ. ಚೂರು ಜಾಸ್ತಿಯಾಗಿ ಸತ್ತದ್ದು ನನ್ನ ಮೇಜಿಗೆ ಬಂದದ್ದಿಲ್ಲ. ಪಾಪ, ಇವಳಿಗೆ ಕರೆಂಟಿನ ವಿಷಯ ತಿಳಿಯದು, ಹೆದರಿಕೊಂಡು ಜಿಪುಣತನ ಮಾಡಿದ್ದಾಳೆ ಎಂದುಕೊಂಡೆ. ಅವಳು ಬರುವಷ್ಟರಲ್ಲಿ ಸರಿ ಮಾಡಿಟ್ಟರೆ ಎಷ್ಟು ಖುಷಿಪಡುತ್ತಾಳೆ ಎಂದೂ ಯೋಚಿಸಿದೆ. ಬುದ್ಧಿ ಕೆಡುವಾಗ ಅದು ಒಳ್ಳೆಯ ಉದ್ದೇಶದ ಅಂಗಿ ಹಾಕಿಕೊಂಡೇ ಬರುತ್ತದೆ.

ಕಂಪ್ಯೂಟರ್ ಶುರುವಾಗುವಾಗ ಯಾವ ಗುಂಡಿ ಒತ್ತಿದರೆ ಒಳಗಿನ ಸೆಟ್ಟಿಂಗ್ ಬರುತ್ತದೆ ಎಂಬುದನ್ನು ಅವಳ ಹಿಂದೆ ನಿಂತು ನೋಡಿದ್ದೆ. ಇಂಗ್ಲಿಷ್ ನನಗೆ ನಿಧಾನ, ಆದರೆ ಐಟಿಐ ಓದಿದವನಿಗೆ ವೋಲ್ಟೇಜ್ ಎಂಬ ಪದ ಹುಡುಕುವುದು ಕಷ್ಟವಲ್ಲ. ಮೆಟ್ಟಿಲು ಗಿಟ್ಟಿಲು ಏನಿಲ್ಲ, ವೇಗವನ್ನು ಒಂದೇ ಏಟಿಗೆ ಅವಳು ಬರೆದಿದ್ದ ಕೊನೆಯ ಸಂಖ್ಯೆಗಿಂತ ಮೇಲಕ್ಕೆ ಕೂರಿಸಿದೆ. ವೋಲ್ಟೇಜಿಗೆ ಒಂದೂವರೆ ಕೊಟ್ಟೆ. ಸಂಖ್ಯೆ ಕೆಂಪಾಯಿತು. ನಮ್ಮ ಕಸುಬಿನಲ್ಲಿ ಕೆಂಪು ಎಂದರೆ ಒಂದು ಫೇಸಿನ ತಂತಿ, ಅಷ್ಟೇ. ಉಳಿಸಿ ಹೊರಗೆ ಬಂದೆ.

ಕಂಪ್ಯೂಟರ್ ಎದ್ದಿತು. ಒಂದು ಸಣ್ಣ ತುಣುಕನ್ನು ಹೊರತೆಗೆಯಲು ಹಾಕಿದೆ. ಪರದೆಯ ಮೇಲಿನ ಹಸಿರು ಪಟ್ಟಿ ನಾನು ಎಂದೂ ಕಾಣದ ಹಾಗೆ ಓಡಿತು. ಆ ಒಂದೆರಡು ನಿಮಿಷ ನನ್ನ ಜಂಬ ಹೇಳತೀರದು. ಮೂಲೆಯಲ್ಲಿ ಬಿಸಿ ತೋರಿಸುವ ಸಂಖ್ಯೆ ತೊಂಬತ್ತು ದಾಟಿತ್ತು. ಅಪ್ಪ ಕಲಿಸಿದ ಪಾಠವೊಂದಿದೆ: ಓಡುವ ಮೋಟಾರಿನ ಮೈ ಮೇಲೆ ಅಂಗೈ ಇಟ್ಟು ಹತ್ತು ಎಣಿಸುವವರೆಗೆ ತಡೆದುಕೊಳ್ಳಲಾದರೆ ಅದಕ್ಕೆ ಭಯವಿಲ್ಲ. ಕಂಪ್ಯೂಟರಿನ ಡಬ್ಬದ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಬಾಣಂತಿ ಕೋಣೆಯ ಗೋಡೆಯಷ್ಟು. ಹತ್ತಲ್ಲ, ಇಪ್ಪತ್ತು ಎಣಿಸಿದೆ. ಡಬ್ಬ ಬೇರೆ, ಒಳಗಿನ ಬಿಲ್ಲೆ ಬೇರೆ ಎಂಬುದು ಹೊಳೆಯಲಿಲ್ಲ. ಇಪ್ಪತ್ತೊಂದು ಎನ್ನುವಷ್ಟರಲ್ಲಿ ಪರದೆ ನೀಲಿಯಾಯಿತು. ಏನೋ ಇಂಗ್ಲಿಷಿನಲ್ಲಿ ಬರೆದು, ಓದುವ ಮುಂಚೆಯೇ ಕಪ್ಪಾಯಿತು.

ಗುಂಡಿ ಒತ್ತಿದೆ. ಫ್ಯಾನು ತಿರುಗಿ ನಿಂತಿತು. ಮತ್ತೆ ತಿರುಗಿತು, ನಿಂತಿತು. ಐದಾರು ಸಲ ಹೀಗೆ ಮಾಡಿದ ಮೇಲೆ ಫ್ಯಾನು ತಿರುಗುತ್ತಲೇ ಇತ್ತು, ಪರದೆಯಲ್ಲಿ ಮಾತ್ರ ಏನೂ ಇಲ್ಲ. ನಾನು ಡಬ್ಬದ ಪಕ್ಕದ ತಗಡು ತೆಗೆದು ಮೂಗು ಇಟ್ಟೆ. ಸುಟ್ಟ ವಾಸನೆ ಇದ್ದಿದ್ದರೆ ಸುಟ್ಟಿದೆ ಎಂದಾದರೂ ಗೊತ್ತಾಗುತ್ತಿತ್ತು. ಧೂಳಿನ ವಾಸನೆ ಬಿಟ್ಟರೆ ಬೇರೆ ಏನೂ ಇಲ್ಲ. ಇಷ್ಟು ವರ್ಷ ನಂಬಿದ ಮೂಗು ಅವತ್ತು ಕೈಕೊಟ್ಟಿತು. ಅವಳ ಕುರ್ಚಿಯಲ್ಲೇ ಕೂತೆ, ಮರುಕ್ಷಣ ಆ ಕುರ್ಚಿಯಲ್ಲಿ ಕೂರಲೂ ನಾಚಿಕೆಯಾಗಿ ಎದ್ದೆ.

ಮೂರು ದಿನದ ಅವಳ ಕೆಲಸ ಅದರೊಳಗಿತ್ತು. ನಾಳೆ ಮಧ್ಯಾಹ್ನ ಯಲಿಯೂರಿನಲ್ಲಿ ಪರದೆ ಕಟ್ಟಿಸಿಕೊಂಡು ಕೂತಿರುತ್ತಾರೆ. ಆಗುತ್ತದೆ ಎಂದು ನಾಲಿಗೆ ಕೊಟ್ಟವಳು ಅವಳು. ಆ ಮಾತು ಬಿದ್ದುಹೋದರೆ ಮಂಡ್ಯದ ಸ್ಟುಡಿಯೋಗಳು ಮತ್ತೆ ಅವಳನ್ನು ಕರೆಯುವುದು ಅನುಮಾನ. ಇದೆಲ್ಲಕ್ಕಿಂತ ಹೆಚ್ಚಾಗಿ, ಅವಳು ಸಂಜೆ ಬಂದು ಆ ಕಪ್ಪು ಪರದೆ ನೋಡುವಾಗಿನ ಮುಖ ನನ್ನ ಕಣ್ಣಿಗೆ ಕಟ್ಟಿತು.

ಹನ್ನೆರಡಕ್ಕೆ ಅವಳ ಫೋನು ಬಂತು. ಕಾರ್ಡು ಸಿಕ್ಕಿತಂತೆ. ಬಂದ ತಕ್ಷಣ ಹಾಕಿ ನೋಡಬೇಕು, ಮೂರೂವರೆಗೆ ಕಂಪ್ಯೂಟರ್ ಆನ್ ಮಾಡಿಟ್ಟಿರಿ ಎಂದಳು. ನಾನು ಹೂಂ ಎಂದೆ. ಹೂಂ ಎನ್ನುವುದು ಸುಳ್ಳೋ ಅಲ್ಲವೋ ಎಂದು ಆಮೇಲೆ ಬಹಳ ಹೊತ್ತು ನನ್ನೊಳಗೇ ವಾದ ಮಾಡಿದೆ.

ಆ ಹೊತ್ತಿಗೇ ಕೆರಗೋಡಿನ ರೈತರೊಬ್ಬರು ಆಟೋದಲ್ಲಿ ಮೋಟಾರು ತಂದು ಇಳಿಸಿದರು. ನನ್ನ ಹಳೆಯ ಗಿರಾಕಿ, ಒಳ್ಳೆಯ ಮನುಷ್ಯ. ಬೆವರು ಒರೆಸಿಕೊಂಡು ಹೇಳಿದರು, ತಾವೇನೂ ಮಾಡಲಿಲ್ಲ, ಗದ್ದೆಗೆ ನೀರು ಬಿಟ್ಟು ನೋಡುತ್ತಿದ್ದಂತೆ ತಾನಾಗಿಯೇ ನಿಂತುಹೋಯಿತು ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ನಾನು ಗೋಡೆಯ ಕಡೆ ತಿರುಗಿ ನೋಡಿದೆ. ಅವರು ನನ್ನ ಎತ್ತಿನ ಮಾತಿಗೆ ಕಾಯುತ್ತಿದ್ದರು. ನಗಲು ಮುಖ ಸಿದ್ಧ ಮಾಡಿಕೊಂಡಿದ್ದರು. ನಾನು ಇಟ್ಟುಹೋಗಿ, ನೋಡುತ್ತೇನೆ ಎಂದಷ್ಟೇ ಹೇಳಿದೆ. ಅವರು ಮೈ ಸರಿಯಿಲ್ಲವಾ ಎಂದು ಕೇಳಿ ಹೋದರು.

ಎರಡು ಗಂಟೆಗೆ ಕರೆಂಟು ಹೋಯಿತು, ಇಪ್ಪತ್ತು ನಿಮಿಷದ ಮೇಲೆ ಬಂತು. ನಾನು ಸತ್ಯ ಹೇಳಿಬಿಡಬೇಕು. ಕರೆಂಟು ಹೋದಾಗ ನನಗೆ ಸಮಾಧಾನವಾಯಿತು. ಬೀದಿಯವರೆಲ್ಲ ಸಾಕ್ಷಿ ಹೇಳುವಂಥ ಕಾರಣವೊಂದು ತಾನಾಗಿ ಕೈಗೆ ಬಂದಿತ್ತು. ಅವಳ ಯುಪಿಎಸ್‌ನ ಬ್ಯಾಟರಿ ಸತ್ತು ತಿಂಗಳಾಗಿತ್ತು. ತಂದುಕೊಡುತ್ತೇನೆ ಎಂದು ಹೇಳಿ ಮರೆತವನೂ ನಾನೇ. ಕರೆಂಟು ಬಂದು ಹೋಗಿ ಮಾಡಿತು, ಅದಕ್ಕೇ ಕೆಟ್ಟಿತು ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಆ ವಾಕ್ಯವನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿ ನಯ ಮಾಡಿಕೊಂಡೆ. ತೆಗೆದ ತಗಡನ್ನು ಮತ್ತೆ ಹಾಕಿದೆ, ಕುರ್ಚಿಯನ್ನು ಇದ್ದ ಜಾಗಕ್ಕೆ ಸರಿಸಿದೆ, ನೋಟ್‌ಬುಕ್ಕನ್ನು ಮೊದಲಿದ್ದ ಹಾಗೆ ಮಗುಚಿ ಇಟ್ಟೆ.

ಭಾರತೀನಗರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಬಸ್ಸು ಸಿಕ್ಕಿಕೊಂಡು ಅವಳು ಬಂದಾಗ ನಾಲ್ಕೂವರೆ. ಚಪ್ಪಲಿ ಬಿಟ್ಟವಳೇ ಕೋಣೆಗೆ ಹೋದಳು. ಗುಂಡಿ ಒತ್ತಿದ ಸದ್ದು ಕೇಳಿತು. ಫ್ಯಾನಿನ ಸದ್ದೂ ಕೇಳಿತು. ಆಮೇಲೆ ಬಾಗಿಲಿಗೆ ಬಂದು ನಿಂತು, ಕಂಪ್ಯೂಟರಿಗೆ ಏನಾಯಿತು ಎಂದು ಕೇಳಿದಳು.

ನಯ ಮಾಡಿಟ್ಟುಕೊಂಡಿದ್ದ ವಾಕ್ಯ ಎಲ್ಲಿ ಹೋಯಿತೋ ಗೊತ್ತಿಲ್ಲ. ನನ್ನ ಬಾಯಿಂದ ಬಂದದ್ದು ಇದು: "ನಾನೇನೂ ಮಾಡ್ನಿಲ್ಲ ಕಣೆ. ತಾನಾಗೆ ನಿಂತೋಯ್ತು."

ಅವಳು ನನ್ನ ಮುಖವನ್ನೇ ನೋಡಿದಳು. ಹದಿನೇಳು ವರ್ಷ ಆ ಗೋಡೆಯ ಹಿಂದೆ ಕೂತು ಕೇಳಿಸಿಕೊಂಡವಳು. ದನಿ ಏರಿಸದೆ ಕೇಳಿದಳು, "ತಾನಾಗೆ ನಿಂತ್ಕೊಳಾಕೆ ಅದೇನು ಎತ್ತಾ?"

ಬೇರೆ ದಿನವಾಗಿದ್ದರೆ ನನಗೆ ನಗು ಬರುತ್ತಿತ್ತು. ಅವತ್ತು ಕಣ್ಣಲ್ಲಿ ನೀರು ಬಂತು. ನಾನೇ ಕೆಡಿಸಿದೆ ಎಂದೆ. ನೋಟ್‌ಬುಕ್ ಓದಿದ್ದು, ವೇಗ ಏರಿಸಿದ್ದು, ಡಬ್ಬದ ಮೇಲೆ ಕೈಯಿಟ್ಟು ಇಪ್ಪತ್ತು ಎಣಿಸಿದ್ದು, ಕರೆಂಟಿನ ಮೇಲೆ ಹಾಕಬೇಕೆಂದುಕೊಂಡಿದ್ದು, ಒಂದನ್ನೂ ಬಿಡದೆ ಹೇಳಿದೆ. ಹೇಳುತ್ತಾ ಹೇಳುತ್ತಾ ಎದೆಯ ಮೇಲಿನ ಚಪ್ಪಡಿ ಇಳಿಯಿತು. ಕಂಪ್ಯೂಟರ್ ಸತ್ತೇ ಹೋಗಿದ್ದರೂ ಆ ಹಗುರ ನನಗೆ ಸಿಗುತ್ತಿತ್ತು ಎಂದು ಈಗ ಅನಿಸುತ್ತದೆ.

ಅವಳು ಮೊದಲು ಕೇಳಿದ್ದು ಇದು. "ಎಷ್ಟ್ ವೋಲ್ಟ್ ಕೊಟ್ರಿ?"

"ಒಂದೂವರೆ."

ಅವಳು ಕಣ್ಣು ಮುಚ್ಚಿದಳು. ಅಷ್ಟು ಯಾಕೆ ಎಂದು ಅವಳು ಕೇಳಿದಾಗ ಟಾರ್ಚಿನ ಸೆಲ್ಲಿನ ವಿಷಯ ಹೇಳಿದೆ. ತುಟಿಯ ಮೂಲೆ ಚೂರು ಅಲುಗಿತು, ಆದರೆ ನಗಲಿಲ್ಲ. ಪಿನ್ ಕೀಳಿ, ಸ್ಕ್ರೂಡ್ರೈವರ್ ತನ್ನಿ ಎಂದಳು.

ಆಮೇಲೆ ನಡೆದದ್ದನ್ನು ನಾನು ಪೂಜೆಗೆ ಕೂತವನಂತೆ ನೋಡಿದೆ. ತಗಡು ತೆಗೆದು, ಒಳಗಿನ ದೊಡ್ಡ ಹಲಗೆಯ ಮೇಲಿದ್ದ, ಗಡಿಯಾರಕ್ಕೆ ಹಾಕುವಂಥ ಒಂದು ಗುಂಡನೆಯ ಸೆಲ್ಲನ್ನು ಉಗುರಿನಿಂದ ಎಬ್ಬಿಸಿ ತೆಗೆದಳು. ನನ್ನ ಅಂಗೈಯಲ್ಲಿಟ್ಟಳು. ಹತ್ತು ನಿಮಿಷ ಹಿಡಿದುಕೊಂಡಿರಿ, ಬೀಳಿಸಬೇಡಿ ಎಂದಳು. ನಾನು ಕೊಟ್ಟ ತಪ್ಪು ಸಂಖ್ಯೆಯನ್ನೆಲ್ಲ ನೆನಪಿಟ್ಟುಕೊಂಡಿರುವುದು ಆ ಸೆಲ್ಲಿನ ಬಲದಿಂದಂತೆ. ಅದನ್ನು ತೆಗೆದರೆ ಹಲಗೆ ಎಲ್ಲವನ್ನೂ ಮರೆತು, ಕಂಪನಿಯವರು ಕೊಟ್ಟ ಮೊದಲಿನ ಲೆಕ್ಕಕ್ಕೆ ಬರುತ್ತದೆ. ಬಿಲ್ಲೆ ಬದುಕಿದ್ದರೆ ಏಳುತ್ತದೆ. ಕರೆಂಟು ಹೋಗಿ ಕೆಟ್ಟಿತು ಎಂದು ನಾನು ಹೇಳಿದ್ದರೆ ನೀನು ಏನು ಮಾಡುತ್ತಿದ್ದೆ ಎಂದು ಕೇಳಿದೆ. ಕರೆಂಟು ಕೊಡುವ ಡಬ್ಬ ಹೋಗಿದೆ ಎಂದುಕೊಂಡು ಮಂಡ್ಯಕ್ಕೆ ಓಡುತ್ತಿದ್ದೆ, ಈ ಸೆಲ್ಲಿನ ಹತ್ತಿರಕ್ಕೇ ಬರುತ್ತಿರಲಿಲ್ಲ ಎಂದಳು.

ಅವಳು ಕಾಫಿ ಮಾಡಿಕೊಂಡು ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತಳು. ನಾನು ಅಂಗೈಯಲ್ಲಿ ಸೆಲ್ಲು ಹಿಡಿದು ನಿಂತಿದ್ದೆ. ಅರ್ಧ ಲೋಟ ಕುಡಿದ ಮೇಲೆ, ನನ್ನ ಕಡೆ ನೋಡದೆ ಅಂದಳು, "ಮೂರೇ ಸುತ್ತು."

ಯಾವುದು ಎಂದು ನನಗೆ ಅರ್ಥವಾಗಲಿಲ್ಲ.

"ಅವತ್ತು ನಿಮ್ ಅಂಗ್ಡೀಲಿ ಹಿಡಿ ತಿರುಗಿಸ್ದೆನಲ್ಲ, ಮೂರೇ ಸುತ್ತು. ನಾನೂ ಎಣಿಸ್ಕಂಡೇ ತಿರುಗ್ಸಿದ್ದೆ. ಎಷ್ಟು ಅಂತ ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳ್ನೇ ಇಲ್ಲ."

ಒಂಬತ್ತು ವರ್ಷ ಆ ಮೂರನ್ನು ಅವಳು ಇಟ್ಟುಕೊಂಡಿದ್ದಳು. ಸೀಮೆಸುಣ್ಣದ ಸಂಖ್ಯೆ ಮೇಜಿನ ಮೇಲೇ ಇತ್ತು. ಮೂರು ಸುತ್ತು ಹಿಂದಕ್ಕೆ ತಿರುಗಿಸಿದ್ದರೆ ಮುಗಿಯುತ್ತಿತ್ತು. ನಾನು ಅಷ್ಟೂ ತಂತಿ ಬಿಚ್ಚಿ ನೆಲಕ್ಕೆ ಹಾಕಿದ್ದೆ. ಈ ಸಲ ನಾನು ಕೆಡಿಸಿದ್ದರ ಮುಂದೆ ಅವಳದ್ದು ಏನೇನೂ ಅಲ್ಲ. ಆದರೂ ಅವಳು ಕೂಗಲಿಲ್ಲ, ಎಷ್ಟು ಎಂದು ಕೇಳಿದಳು. ತಪ್ಪಾಯಿತು ಎಂದೆ. ಯಾವುದಕ್ಕೆ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡಕ್ಕೂ ಸೇರಿಸಿಯೇ ಹೇಳಿದ್ದೆ.

ಹತ್ತು ನಿಮಿಷವಾಯಿತು. ನನ್ನ ಅಂಗೈಯ ಬೆವರಿನಲ್ಲಿ ಒದ್ದೆಯಾಗಿದ್ದ ಸೆಲ್ಲನ್ನು ಸೆರಗಿನಲ್ಲಿ ಒರೆಸಿ ಜಾಗಕ್ಕೆ ಒತ್ತಿದಳು. ಪಿನ್ ಹಾಕಿಸಿದಳು. ಗುಂಡಿ ನೀವೇ ಒತ್ತಿ ಎಂದಳು. ಬೇಡ ಎಂದೆ. ಅವಳೇ ಒತ್ತಿದಳು.

ಫ್ಯಾನು ತಿರುಗಿತು. ನಿಂತಿತು. ನನ್ನ ಜೀವವೂ ಅದರ ಜೊತೆಗೇ ನಿಂತಿತು. ಮತ್ತೆ ತಿರುಗಿತು. ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೀಟು ಕಾಣಿಸಿಕೊಂಡು, ಆಮೇಲೆ ದಿನಾ ಬರುವ ಆ ಕಂಪನಿಯ ಗುರುತು ಬಂತು. ಹೋದ ಜೀವ ಬಂತು ಎಂದು ಜನ ಸುಮ್ಮನೆ ಹೇಳುವುದಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವಳು ತನ್ನ ಕೆಲಸವನ್ನು ತೆರೆದು ನೋಡಿದಳು. ಸೋಮವಾರದಿಂದ ಮಾಡಿದ್ದೆಲ್ಲ ಇತ್ತು. ನಾನು ಪರೀಕ್ಷೆಗೆ ಹಾಕಿದ್ದ ತುಣುಕು ಮಾತ್ರ ಅರ್ಧಕ್ಕೆ ನಿಂತು ಕೆಟ್ಟಿತ್ತು. ಅದು ಯಾರಿಗೂ ಬೇಕಾದದ್ದಲ್ಲ.

ಇಷ್ಟಾದ ಮೇಲೆ ಅವಳು ಓವರ್‌ಕ್ಲಾಕಿನ ಸುದ್ದಿಗೆ ಹೋಗುವುದಿಲ್ಲ ಎಂದುಕೊಂಡೆ. ಅವಳು ಗಡಿಯಾರ ನೋಡಿದಳು. ಹೊಸ ಕಾರ್ಡಿನದ್ದನ್ನು ಸೇರಿಸುವಷ್ಟರಲ್ಲಿ ಹೊತ್ತಾಗುತ್ತದೆ, ಆಮೇಲೆ ಆರು ಗಂಟೆ ಎಂದರೆ ಮಧ್ಯೆ ಕರೆಂಟು ಹೋದರೆ ಮುಗಿಯಿತು. ನೋಟ್‌ಬುಕ್ ತೆಗೆದಳು. ನನ್ನನ್ನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಬಿಸಿಯ ಸಂಖ್ಯೆ ಓದಿ ಹೇಳುವ ಕೆಲಸ ಕೊಟ್ಟಳು. ಒಂದು ಮೆಟ್ಟಿಲು ಏರಿಸಿದಳು, ಓಡಿಸಿ ನೋಡಿದಳು. ಇನ್ನೊಂದು. ನಾನು ಅರವತ್ತೆಂಟು, ಎಪ್ಪತ್ತೊಂದು ಎಂದು ಹೇಳುತ್ತಿದ್ದೆ. ಮೂರನೆಯ ಮೆಟ್ಟಿಲಿನಲ್ಲಿ ಅವಳು ಮಾಡಿದ್ದು ನೋಡಿ ನನಗೆ ತಡೆಯಲಾಗಲಿಲ್ಲ. ವೇಗ ಏರಿಸಿ, ವೋಲ್ಟನ್ನು ಒಂದೂಕಾಲಿಗಿಂತಲೂ ಚೂರು ಇಳಿಸಿದಳು. ಕಮ್ಮಿ ಮಾಡಿದರೆ ಒದ್ದಾಡುವುದಿಲ್ಲವೇ ಎಂದೆ. ಇದು ಮೋಟಾರಲ್ಲ, ಇದಕ್ಕೆ ಎಷ್ಟು ಕಮ್ಮಿಯಲ್ಲಿ ಸಾಕಾಗುತ್ತದೆ ಎಂದು ಹುಡುಕುವುದೇ ಕೆಲಸ, ಉಳಿದದ್ದೆಲ್ಲ ಬರೀ ಬಿಸಿ ಎಂದಳು. ಸಂಖ್ಯೆ ಎಪ್ಪತ್ತನಾಲ್ಕಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲಕ್ಕೆ ಹೋಗಲಿಲ್ಲ. ಇಪ್ಪತ್ತೈದು ವರ್ಷದ ನನ್ನ ವಿದ್ಯೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ನಾನು ಆ ಸಂಖ್ಯೆಯನ್ನೇ ನೋಡುತ್ತ ಕೂತೆ.

ನಾನು ಮಲಗಿದ್ದಾಗ, ಚಿತ್ರ ಹೊರಗೆ ತೆಗೆಯುವ ಆರು ಗಂಟೆಯ ಕೆಲಸ ನಾಲ್ಕೇ ಗಂಟೆಯೊಳಗೆ ಮುಗಿದಿತ್ತಂತೆ. ಬೆಳಗ್ಗೆ ಎದ್ದಾಗ ಅವಳು ಹಲ್ಲುಜ್ಜುತ್ತಾ ಪೂರ್ತಿ ಚಿತ್ರ ನೋಡುತ್ತಿದ್ದಳು. ಮಧ್ಯಾಹ್ನ ನಾವಿಬ್ಬರೂ ಯಲಿಯೂರಿಗೆ ಹೋದೆವು. ಧಾರೆ ಎರೆಯುವಾಗ ಹೆಣ್ಣಿನ ಅಜ್ಜಿ ಹಿಂದೆ ನಿಂತು ಕಣ್ಣು ಒರೆಸಿಕೊಂಡದ್ದು ಎರಡನೇ ಕ್ಯಾಮೆರಾದಲ್ಲಿ ಸಿಕ್ಕಿತ್ತು. ಅದು ಪರದೆಯ ಮೇಲೆ ಬಂದಾಗ ಮುದ್ದೆ ಮುರಿಯುತ್ತಿದ್ದ ಕೈಗಳು ನಿಂತವು. ಗಂಡಿನ ತಂದೆ ಬಂದು ನನ್ನ ಹೆಂಡತಿಯ ಎಲೆಗೆ ತಾವೇ ಇನ್ನೊಂದು ಸೌಟು ಬಡಿಸಿದರು. ನನಗೂ ಬಡಿಸಿದರು, ನೀವೂ ಸಹಾಯ ಮಾಡಿರಬೇಕು ಎಂದರು. ನಾನು ಅವಳ ಕಡೆ ನೋಡಿದೆ. ಅವಳು ಎಲೆ ನೋಡುತ್ತ, ಬಿಸಿ ನೋಡಿಕೊಂಡರು ಎಂದಳು.

ವಾಪಸು ಬರುವಾಗ, ಕಂಪ್ಯೂಟರಿಗೆ ಏನಾದರೂ ಬೀಗ ಹಾಕಿಡು, ನನ್ನ ಕೈ ಸುಮ್ಮನಿರುವುದಿಲ್ಲ ಎಂದೆ. ಬೀಗ ಬೇಡ, ಮುಟ್ಟುವ ಮುಂಚೆ ಕೇಳಿ, ಅಷ್ಟು ಸಾಕು ಎಂದಳು. ಆ ನೋಟ್‌ಬುಕ್ಕಿನಲ್ಲಿ ಈಗ ಒಂದು ಸಾಲು ಹೆಚ್ಚಿದೆ: ಒಂದೂವರೆ ವೋಲ್ಟ್, ಯಜಮಾನರು ಕೊಟ್ಟು ನೋಡಿದ್ದಾರೆ, ಇನ್ನು ಯಾರೂ ನೋಡುವುದು ಬೇಡ.

ಯುಪಿಎಸ್‌ಗೆ ಬ್ಯಾಟರಿ ತಂದುಕೊಟ್ಟೆ. ಕೆರಗೋಡಿನವರು ಮೋಟಾರಿಗೆ ಬಂದಾಗ, ಅದಕ್ಕೆ ಸುತ್ತಲು ಇನ್ನೂ ಒಂದು ಕಾಯಿಲು ಬಾಕಿಯಿತ್ತು. ಎತ್ತಿನ ಮಾತು ಆಡಲಿಲ್ಲ. ಕೂತು ಕಾಫಿ ಕುಡಿಯಿರಿ, ನಿಜವಾಗಿ ಏನಾಯಿತು ಹೇಳಿ, ನಾನೂ ಮೊನ್ನೆ ಒಂದು ಕೆಡಿಸಿದೆ ಎಂದೆ. ಅವರು ಬಾವಿಯಲ್ಲಿ ನೀರು ತಳ ಕಂಡಿದ್ದರೂ ಓಡಿಸಿದ್ದನ್ನು ಒಪ್ಪಿಕೊಂಡರು.

ಹೆಂಡತಿ ಕಾಫಿ ತಂದು ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಇನ್ನೊಂದು ಮೋಟಾರು ಆಟೋದಿಂದ ಇಳಿಸಬೇಕಿತ್ತು, ಕೈ ಕೊಡಿ ಎಂದು ಕರೆಯುತ್ತಿದ್ದರು. ನಾನು ಸುತ್ತುಯಂತ್ರದ ಹಿಡಿಯನ್ನು ನಲವತ್ತನೇ ಸುತ್ತಿಗೆ ನಿಲ್ಲಿಸಿ, ಅವಳಿಗೆ ಒಳಗೆ ಬಾ, ಇದನ್ನು ತಿರುಗಿಸುತ್ತಿರು ಎಂದೆ. ಅವಳು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಲೋಟ ಬೆಂಚಿನ ಮೇಲಿಟ್ಟು ಒಳಗೆ ಬಂದಳು.

ನಾನು ಮೋಟಾರು ಇಳಿಸಿ, ಕೈ ಒರೆಸಿಕೊಂಡು ಬಂದು ಎಷ್ಟಾಯಿತು ಎಂದು ಕೇಳಿದೆ. ಅರವತ್ತೆರಡು ಎಂದಳು. ನಾನು ಅರವತ್ತಮೂರರಿಂದ ಶುರು ಮಾಡಿದೆ.